ಎರೆನಾಡಿನ ದಾರಿಗಳು: ಕೊಟ್ಟ ಹಣವೂ ಬಂದ ಫಲವೂ

ಒಂದು ಕಾಲದಲ್ಲಿ ಮುಂಬಯಿಯ ಹತ್ತಿಯ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರಿನ ಒಂದು ಮಾಲು ಬಹಳ ಪ್ರಸಿದ್ಧವಾಗಿತ್ತು. ಕುಮಟೆ ಎಂಬುದು ಕರಾವಳಿಯ ಊರು. ಅಲ್ಲಿ ಬೆಳೆಯತಕ್ಕದ್ದು ತೆಂಗು, ಅಡಕೆ, ಬತ್ತ. ಹತ್ತಿಯ ಗಿಡವನ್ನು ಅಲ್ಲಿ ಹುಡುಕಿದರೂ ಕಾಣುವುದು ಕಷ್ಟ. ಹೀಗಿರುವಾಗ ಈ ಹೆಸರು ಬಂದುದು ಹೇಗೆ? ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಹತ್ತಿಯು ಎತ್ತುಗಳ ಮೇಲೂ ಚಕ್ಕಡಿಗಳಲ್ಲಿಯೂ ಘಟ್ಟವನ್ನಿಳಿದು, ಕುಮಟೆಯ ಬಂದರದಲ್ಲಿ ಹಡಗು ಹತ್ತುತ್ತಿತ್ತು. ಕೊಳ್ಳುವವನಿಗೆ ಹೊಲ ತಿಳಿಯದು, ಬೆಳೆದವನೂ ತಿಳಿಯನು, ತಿಳಿದುದು ಬಂದರೊಂದೇ. ಆದುದರಿಂದ ಬೆಳೆಗೆ ದಾರಿಯ ಕೊನೆಯ ಹೆಸರು ನಿಂತುಬಿಟ್ಟಿತು.

ನಾನು ಈ ಹೊತ್ತು ಹೇಳಬೇಕೆಂದಿರುವುದು ಆ ದಾರಿಗಳ ಜಮಾಖರ್ಚಿನ ಕಥೆ. ಸರಕಾರದವರು ದಾರಿಗಾಗಿ ಹಣ ಕೊಡುವಾಗ, ಅದರಿಂದ ಯಾವ ಫಲ ಬಂದಿತೆಂದು ಅಳೆಯುವುದು ನ್ಯಾಯವೇ ಸರಿ. ಈಚಿನ ಆಯವ್ಯಯ ಶಾಸ್ತ್ರಜ್ಞರು ಇದನ್ನೊಂದು ಹೊಸ ತತ್ತ್ವವೆಂಬಂತೆ ಪ್ರತಿಪಾದಿಸುತ್ತಾರೆ. ವಾಸ್ತವವಾಗಿ ಇದು ಹಳೆಯದು. ನೂರೈವತ್ತು ವರ್ಷಗಳಿಂದ ಹಣವನ್ನು ಫಲಕ್ಕೆ ಗಂಟುಹಾಕಿಯೇ ಕೊಡಲಾಗಿದೆ. ಆದರೆ ಯಾವುದನ್ನು ಫಲವೆಂದು ಎಣಿಸಿದರು, ಯಾರು ಎಣಿಸಿದರು, ಎಂಬುದರ ಮೇಲೆ ದಾರಿಯು ಎತ್ತ ತಿರುಗಿತೆಂಬುದು ನಿಂತಿರುತ್ತದೆ. ಇದನ್ನು ನೋಡುವುದಕ್ಕೆ ರೋಣ, ನರಗುಂದ, ಗಜೇಂದ್ರಗಡಗಳ ಬಯಲಿಗಿಂತ ಒಳ್ಳೆಯ ಸ್ಥಳ ಸಿಕ್ಕುವುದು ಅಪೂರ್ವ.

ಈ ಮೂರು ಊರುಗಳೂ ಈಗ ಗದಗ ಜಿಲ್ಲೆಯಲ್ಲಿವೆ; 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಗಜೇಂದ್ರಗಡವು ಘೋರ್ಪಡೆಯವರ ದುರ್ಗ. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಆದ ಕೌಲಿಗೆ ಈ ಊರಿನ ಹೆಸರೇ ಇದೆ. ನರಗುಂದವು 1858ರವರೆಗೆ ಭಾವೆಯವರ ಸಂಸ್ಥಾನ. ಆ ವರ್ಷ ಭಾಸ್ಕರರಾವ್ ಬಾಬಾಸಾಹೇಬರು ದಂಗೆಯೆದ್ದು, ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯು ಹತನಾದ ಮೇಲೆ, ರಾಜರು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಸಂಸ್ಥಾನವು ಬ್ರಿಟಿಷರ ವಶವಾಯಿತು. ನಡುವೆ ರೋಣ. ಉತ್ತರಕ್ಕೆ ಮಲಪ್ರಭೆ, ಪಶ್ಚಿಮದಿಂದ ಬಂದು ಅದನ್ನು ಕೂಡುವ ಬೆಣ್ಣೆಹಳ್ಳ. ನೆಲವು ಕಪ್ಪು ಎರೆ. ಬೇಸಗೆಯಲ್ಲಿ ಆನೆಯ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಈ ಮಣ್ಣು, ಎರಡು ಮಳೆ ಬಿದ್ದರೆ ಗಾಲಿಯ ಗುಂಭದವರೆಗೆ ಹಿಡಿದುಕೊಳ್ಳುತ್ತದೆ. ಕಲ್ಲು ಹತ್ತಿರದಲ್ಲಿ ದೊರೆಯದು. ಮೈಸೂರಿನ ಕೆಂಪು ಮುರಕಲ ನೆಲದಲ್ಲಿ ಬೆಳೆದ ನಮ್ಮಲ್ಲನೇಕರಿಗೆ, ಮಳೆಗಾಲದಲ್ಲಿ ಒಂದು ಊರು ಇನ್ನೊಂದು ಊರಿಗೆ ದೂರವಾಗುವುದೆಂದರೇನೆಂಬುದು ಅಲ್ಲಿಗೆ ಹೋದಲ್ಲದೆ ತಿಳಿಯಲಾರದು.

ಈ ಬಯಲಿನ ಮೇಲೆ ಹೊರಗಿನವರ ಕಣ್ಣು ಮೊದಲು ಬಿದ್ದುದು ಹತ್ತಿಗಾಗಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹುಟ್ಟಿ, ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಧಾರವಾಡದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಇದಕ್ಕೆ ಒಂದು ವರ್ಷ ಮುಂಚೆಯೇ ಮ್ಯಾಂಚೆಸ್ಟರಿನವರು ಒಂದು ಹತ್ತಿಯ ಕಂಪೆನಿಯನ್ನು ಕಟ್ಟಿ, ಕಾಳಿನದಿಯ ಮುಖದಲ್ಲಿರುವ ಸದಾಶಿವಗಡವನ್ನು ತಮ್ಮ ಬಂದರವಾಗಿ ಆರಿಸಿಕೊಂಡಿದ್ದರು. ಅವರ ಯಂತ್ರಗಳು ಬಂದು ಇಳಿದಾಗ ಒಳನಾಡಿನಿಂದ ರಸ್ತೆ ಇನ್ನೂ ಮುಗಿದಿರಲಿಲ್ಲ. ಉತ್ತರ ಕನ್ನಡವು ಆಗ ಮದರಾಸು ಆಧಿಪತ್ಯದಲ್ಲಿತ್ತು. ಮದರಾಸಿನವರು ಮುಂಬಯಿ ಪ್ರಾಂತದ ಹತ್ತಿಗಾಗಿ ತಾವೇಕೆ ಅವಸರದಿಂದ ಘಟ್ಟ ಕಡಿಯಬೇಕು? ಆಕ್ಷೇಪಣೆಗಳು ಲಂಡನ್ನಿನವರೆಗೆ ಮುಟ್ಟಿದುವು. ಕಟ್ಟಕಡೆಗೆ 1862ರಲ್ಲಿ ಜಿಲ್ಲೆಯನ್ನೇ ಮದರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಕನ್ನಡ ಕರಾವಳಿಯು ಎರಡು ಪ್ರಾಂತಗಳಲ್ಲಿ ಹರಿದುಹೋದುದಕ್ಕೆ ಹತ್ತಿಯ ಅಂಡಿಗೆಗಳೂ ಒಂದು ಮುಖ್ಯ ಕಾರಣವೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ಆಮೇಲೆ ಹಣ ಬಂದಿತು. ಕಾರವಾರವು ಬೆಳೆಯಿತು, ಹುಬ್ಬಳ್ಳಿಯಿಂದ ಅರಬೈಲು ಘಟ್ಟದ ದಾರಿಯಾಯಿತು. ಕಂಪೆನಿಯು ಮಾತ್ರ ಅದಕ್ಕೆ ಕಾಯಲಾರದೆ 1864ರಲ್ಲಿ ಮುಚ್ಚಿಹೋಯಿತು. ಮರುವರ್ಷ ಯುದ್ಧ ಮುಗಿದು ಬೆಲೆಯೂ ಕುಸಿಯಿತು. ಆ ಕಾಲದ ಲೆಕ್ಕದಲ್ಲಿ ದಾರಿಯ ಫಲವೆಂದರೆ ಬಂದರದಲ್ಲಿ ಎಣಿಸಿದ ಅಂಡಿಗೆಗಳ ಸಂಖ್ಯೆ. ಆದಕಾರಣ ದೊಡ್ಡ ಕೆಲಸಗಳೆಲ್ಲ ಪಶ್ಚಿಮಾಭಿಮುಖವಾದುವು. ಎಷ್ಟೋ ಸಾವಿರ ರೂಪಾಯಿಗಳು ಸುರಿದ ಆ ಘಟ್ಟದ ದಾರಿಗೆ, ರೋಣದ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಯ ಸಂತೆಗೆ ಆಷಾಢದಲ್ಲಿ ಚಕ್ಕಡಿ ಹೋಗುವುದೋ ಇಲ್ಲವೋ ಎಂಬುದರಿಂದ ಏನೂ ಸಂಬಂಧವಿರಲಿಲ್ಲ.

ಇದೇ ದಶಕದಲ್ಲಿ ರೈತನು ದಾರಿಗಾಗಿ ತನ್ನ ಕೈಯಿಂದಲೂ ಕೊಡತೊಡಗಿದನು. ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ‘ಲೋಕಲ್ ಫಂಡ್’ ಪಟ್ಟಿಯನ್ನು ಹಾಕಿ, 1869ರ ಕಾನೂನಿನಿಂದ ಅದನ್ನು ಸ್ಥಿರಪಡಿಸಿದರು. ಮೂರರಲ್ಲಿ ಎರಡು ಪಾಲು ರಸ್ತೆ ಮುಂತಾದ ಸ್ಥಳೀಯ ಕೆಲಸಗಳಿಗೆ, ಒಂದು ಪಾಲು ಶಾಲೆಗಳಿಗೆ. ಎರೆಭೂಮಿಯ ಕಂದಾಯ ಹೆಚ್ಚು. ಆದುದರಿಂದ ಅದರ ಆಣೆಯೂ ಹೆಚ್ಚು. ಇಲ್ಲಿ ಒಂದು ವಿಲಕ್ಷಣವನ್ನು ಗಮನಿಸಬೇಕು. ಬಂದರದ ದಾರಿಗೆ ಹಣ ಕೊಟ್ಟವರು ಅಂಡಿಗೆಗಳನ್ನು ಎಣಿಸಬಲ್ಲವರಾಗಿದ್ದರು. ಒಂದಾಣೆ ಕೊಟ್ಟವನಿಗೆ ಎಣಿಸುವ ಅಧಿಕಾರವಿರಲಿಲ್ಲ. ಅವನ ಆಣೆಗೆ ಎಷ್ಟು ಮೊಳ ದಾರಿಯಾಯಿತೆಂದು ಅವನಿಗೆ ಲೆಕ್ಕ ಒಪ್ಪಿಸಬೇಕೆಂಬ ಕಟ್ಟಳೆ ಆ ಕಾನೂನಿನ ಹೃದಯದಲ್ಲಿ ಇರಲಿಲ್ಲ.

ಈ ಲೆಕ್ಕಗಳನ್ನೆಲ್ಲ ಒರೆಗೆ ಹಚ್ಚಿದುದು ಧಾತು, ಈಶ್ವರ ಸಂವತ್ಸರಗಳ ಬರ; ಎಂದರೆ 1876ರಿಂದ 78ರವರೆಗಿನ ಮಹಾಕ್ಷಾಮ. ಹಳೆಯ ಮೈಸೂರಿನವರಿಗೆ ಇದರ ನೆನಪು ಹೇಳಬೇಕಾದುದಿಲ್ಲ. ಧಾರವಾಡ ಜಿಲ್ಲೆಯಲ್ಲಿ ಪಶ್ಚಿಮದ ಮಲೆನಾಡಿನ ಸೆರಗು ಹೇಗೋ ಉಳಿಯಿತು. ಪೆಟ್ಟು ಬಿದ್ದುದು ಪೂರ್ವದ ಬಯಲಿಗೆ. ಮುಂಗಾರು ಹೋಯಿತು, ಹಿಂಗಾರಿಯ ಜೋಳವೂ ಹೋಯಿತು. ಆಗ ಧಾನ್ಯವು ದೇಶದಲ್ಲಿ ಇಲ್ಲವೇ ಇಲ್ಲವೆಂದಲ್ಲ. ಮುಂಬಯಿಯಿಂದ ರೈಲು ಸೊಲ್ಲಾಪುರಕ್ಕೆ 1860ರಲ್ಲೇ ಬಂದಿದ್ದಿತು. 1871ರಲ್ಲಿ ಮುಂಬಯಿ ಮದರಾಸುಗಳ ಮಾರ್ಗಗಳು ರಾಯಚೂರಿನಲ್ಲಿ ಕೂಡಿದ್ದುವು. ಬಳ್ಳಾರಿಗೂ ಹಳಿ ಮುಟ್ಟಿತ್ತು. ಎಂದರೆ ಬಯಲಿನ ಸುತ್ತ ಹೊಗೆಬಂಡಿ ಇತ್ತು, ಬಯಲಿನೊಳಗೆ ಇರಲಿಲ್ಲ. ಬಳ್ಳಾರಿಯಿಂದ ರೋಣಕ್ಕೆ ನೂರು ಮೈಲಿಯ ಆಸುಪಾಸು, ಸೊಲ್ಲಾಪುರದಿಂದ ಇನ್ನೂ ಹೆಚ್ಚು.

ಈ ನೂರು ಮೈಲಿಯ ಅರ್ಥವನ್ನು ಸ್ವಲ್ಪ ವಿಚಾರಿಸೋಣ. ಎತ್ತಿನ ಬಂಡಿಯು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದೀತು. ನೂರು ಮೈಲಿಗೆ ಒಂಬತ್ತು ಹತ್ತು ದಿನ. ಹಿಂದಿರುಗಲು ಮತ್ತೆ ಅಷ್ಟೇ. ಎತ್ತಿಗೆ ದಿನವೂ ಮೇವು ನೀರು ಬೇಕು. ಸುಭಿಕ್ಷದಲ್ಲಿ ಮೇವು ದಾರಿಯುದ್ದಕ್ಕೂ ಬಿದ್ದಿರುತ್ತದೆ. ಕ್ಷಾಮದಲ್ಲಿ ಅದನ್ನು ಬಂಡಿಯಲ್ಲೇ ಹೇರಿಕೊಂಡು ಹೋಗಬೇಕು. ಹಾಗೆ ಹೇರಿದಷ್ಟೂ ಧಾನ್ಯಕ್ಕೆ ಸ್ಥಳ ಕಡಮೆಯಾಗುತ್ತದೆ. ಬರವು ತೀವ್ರವಾದಂತೆ ಮೊದಲು ಸಾಯುವುವು ದನಗಳು. ದನ ಸತ್ತರೆ ಬಂಡಿಯಿಲ್ಲ. ಬಂಡಿಯಿಲ್ಲದಿದ್ದರೆ ಜನರಿಗೆ ಅನ್ನವಿಲ್ಲ. ಧಾನ್ಯವನ್ನು ತರತಕ್ಕ ಸಾಧನವು ಧಾನ್ಯ ಬೇಕಾದ ಹೊತ್ತಿನಲ್ಲಿಯೇ ಮುರಿದು ಬೀಳುತ್ತದೆ. ಬಯಲಿನ ಜನರಿಗೆ ಇದ್ದ ಮತ್ತೊಂದು ಆಧಾರವೆಂದರೆ ಮನೆಯ ಮುಂದೆ ನೆಲದಲ್ಲಿ ತೋಡಿ ಜೋಳ ತುಂಬುವ ಹಗೇವು. ಅದೂ ಎರಡು ಬೆಳೆ ಹೋದ ಮೇಲೆ ಎಷ್ಟು ದಿನ ಬಂದೀತು?

ಪಶ್ಚಿಮದಿಂದ ಒಂದಿಷ್ಟು ನೆರವು ಬಂದಿತು. ಕಾರವಾರ ಕುಮಟೆಗಳಿಗೆ ಹಡಗಿನಲ್ಲಿ ಬಂದ ಧಾನ್ಯವು, ಹತ್ತಿಯನ್ನು ಕೆಳಗಿಳಿಸುವುದಕ್ಕೆಂದು ಕಡಿದ ಘಟ್ಟದ ದಾರಿಯಲ್ಲಿ ಮೇಲಕ್ಕೆ ಏರಿತು. ದಾರಿ ಮಾಡಿಸಿದವರು ಎಣಿಸದ ಫಲವಿದು. ಅವರ ಲೆಕ್ಕದ ಯಾವ ಪುಟದಲ್ಲಿಯೂ ಇದಕ್ಕೆ ಸ್ಥಳವಿರಲಿಲ್ಲ. ಆದರೆ ಘಟ್ಟವನ್ನು ಹತ್ತಿದ ಮೇಲೆ ಉಳಿದ ಎರೆಬಯಲು ಹಾಗೆಯೇ ಇದ್ದಿತು.

ಅಂಕಿಗಳು ಮಿಕ್ಕುದನ್ನು ಹೇಳುತ್ತವೆ. 1872ರ ಖಾನೇಷುಮಾರಿಗೂ 1881ರದಕ್ಕೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಇಳಿದುಹೋಯಿತು. ಮಲಪ್ರಭೆಯ ಆಚೆಗಿನ ಕಲಾದಗಿ ಜಿಲ್ಲೆಯಲ್ಲಿ, ಎಂದರೆ ಮುಂದೆ ಬಿಜಾಪುರವೆಂದು ಹೆಸರಾದ ಜಿಲ್ಲೆಯಲ್ಲಿ, ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಗುಳೆ ಹೋದವರಲ್ಲಿಯೂ ಹಿಂದಿರುಗಿದವರು ಎಲ್ಲರೂ ಅಲ್ಲ.

ಈ ಅನರ್ಥದ ಮೇಲೆ 1880ರಲ್ಲಿ ಕ್ಷಾಮ ಆಯೋಗದ ವರದಿ ಹೊರಬಿದ್ದಿತು. ಕ್ಷಾಮರಕ್ಷಣೆಗಾಗಿ ಕೂಡಲೇ ಇನ್ನೂ 5000 ಮೈಲಿ ರೈಲು ಬೇಕು, ದೇಶದಲ್ಲಿ ಒಟ್ಟು 20,000 ಮೈಲಿಯಾಗುವವರೆಗೆ ನೆಮ್ಮದಿಯಿಲ್ಲವೆಂದು ಅದರ ಅಭಿಪ್ರಾಯ. ಇದಕ್ಕೆ ಮುಂಚೆಯೇ, 1878ರಲ್ಲಿ, ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳನ್ನು ಕ್ಷಾಮದ ವಿಮೆಯೆಂದು ತೆಗೆದಿಡುವ ಏರ್ಪಾಡನ್ನು ಮಾಡಿ, ಅದಕ್ಕಾಗಿ ಹೊಸ ತೆರಿಗೆಗಳನ್ನು ಹಾಕಿದ್ದರು. ಒಂದೆರಡು ವರ್ಷಗಳಲ್ಲಿಯೇ ಅಫ್ಘನ್ ಯುದ್ಧದ ವೆಚ್ಚ ಬಂದಿತು. ವಿಮೆಯ ಹಣವು ವಿಮೆಗೇ ನಿಲ್ಲಲಿಲ್ಲವೆಂದು ಬಹಳ ಗದ್ದಲವಾಯಿತು. ಆ ಗದ್ದಲ ನ್ಯಾಯವಾದದ್ದೇ.

ಆದರೂ ಇದರಿಂದ ಒಂದು ಮುಖ್ಯವಾದ ವಿಂಗಡಣೆ ಬೆಳೆಯಿತು. ಸರಕಾರದ ಕೆಲಸಗಳಲ್ಲಿ ‘ಉತ್ಪಾದಕ’ ಎಂಬುದೊಂದು ವರ್ಗ, ‘ರಕ್ಷಕ’ ಎಂಬುದೊಂದು ವರ್ಗ. ಉತ್ಪಾದಕವಾದುದು ತನಗಾಗಿ ಮಾಡಿದ ಸಾಲದ ಬಡ್ಡಿಯನ್ನು ತಾನೇ ದುಡಿಯಬೇಕು. ರಕ್ಷಕವಾದುದು ದುಡಿಯದಿದ್ದರೂ ಸರಿ, ಕ್ಷಾಮ ಬಂದಾಗ ಜನರನ್ನುಳಿಸಿ, ಸರಕಾರಕ್ಕೆ ತಗಲುವ ಪರಿಹಾರದ ವೆಚ್ಚವನ್ನು ತಗ್ಗಿಸಿದರೆ ಸಾಕು. ನನ್ನ ದೃಷ್ಟಿಯಲ್ಲಿ ನಮ್ಮ ದೇಶದ ಆಯವ್ಯಯದ ಇತಿಹಾಸದಲ್ಲಿ ಇದೊಂದು ದೊಡ್ಡ ಮಾತು. ಮೊದಲನೆಯ ಬಾರಿಗೆ, ಟಿಕೀಟಿನ ಹಣದಲ್ಲಿ ಕಾಣಿಸದ ಫಲವೂ ಫಲವೇ ಎಂದು ಖಜಾನೆಯು ಒಪ್ಪಿಕೊಂಡಂತಾಯಿತು.

ಹೊಟಗಿಯಿಂದ ಬಿಜಾಪುರ, ಬಾಗಲಕೋಟೆ, ಬದಾಮಿಗಳ ಮೇಲೆ ಗದಗಿಗೆ ಬರುವ ಮೀಟರು ಗೇಜಿನ ಮಾರ್ಗವು ಇಂಥ ಚಿಂತನೆಯ ಕೂಸು. 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಹುಟ್ಟಿತು. ಆ ದಶಕದ ನಡುವಿನೊಳಗಾಗಿ ಬಂಡಿಗಳು ಓಡಿದುವು. ಮಲಪ್ರಭೆಯ ದಂಡೆಯ ಹೊಳೆಆಲೂರು ಸ್ಟೇಷನ್ನಾಯಿತು. ರೋಣ ಸೀಮೆಗೆ ಹೊಗೆಬಂಡಿ ಬಂದಿತು. ನರಗುಂದಕ್ಕೂ ಗಜೇಂದ್ರಗಡಕ್ಕೂ ಬರಲಿಲ್ಲ.

ಈಗ ಕಂಪೆನಿಯ ಕರಾರಿನ ಕಡೆಗೆ ತಿರುಗೋಣ. ಹಳೆಯ ರೈಲ್ವೆ ಕಂಪೆನಿಗಳಿಗೆ ಸರಕಾರವು ನೂರಕ್ಕೆ ಐದರಂತೆ ಬಡ್ಡಿಯ ಭರವಸೆ ಕೊಟ್ಟಿತ್ತು. ನಷ್ಟವಾದರೆ ಹಿಂದೂಸ್ಥಾನದ ಕಂದಾಯದಿಂದ ತುಂಬಿಕೊಡುವುದು. ಇದರ ಪರಿಣಾಮವಾಗಿ ಮೈಲಿಯೊಂದರ ವೆಚ್ಚವು ಮೊದಲ ಅಂದಾಜಿನ ಇಮ್ಮಡಿಯನ್ನೂ ಮೀರಿತು. ಹಣಕಾಸಿನ ಸದಸ್ಯರಾಗಿದ್ದ ವಿಲಿಯಂ ಮ್ಯಾಸಿ ಎಂಬವರು 1872ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ, ಐದರ ಬಡ್ಡಿ ಖಚಿತವಾಗಿರುವ ಇಂಗ್ಲೆಂಡಿನ ಸಾಹುಕಾರನಿಗೆ ತನ್ನ ದುಡ್ಡು ಇಟ್ಟಿಗೆ ಗಾರೆಯಾಯಿತೋ ಹೂಗ್ಲಿ ನದಿಯ ಪಾಲಾಯಿತೋ ಎಂಬ ಚಿಂತೆಯೇ ಇರಲಿಲ್ಲವೆಂಬರ್ಥದಲ್ಲಿ ಸಾಕ್ಷ್ಯ ನುಡಿದರು. ಹಣಕ್ಕೂ ಫಲಕ್ಕೂ ಗಂಟಿಲ್ಲದಿದ್ದರೆ ಆಗುವುದಿಷ್ಟೇ. ಸದರ್ನ್ ಮರಾಠಾ ಕಂಪೆನಿಯ ಹೊತ್ತಿಗೆ ಸರಕಾರದವರು ಬುದ್ಧಿ ಕಲಿತಿದ್ದರು: ಬಡ್ಡಿಯ ಭರವಸೆಯನ್ನು ಇಳಿಸಿ, ನಿವ್ವಳ ಆದಾಯದಲ್ಲಿ ಒಂದು ಪಾಲನ್ನು ಕಂಪೆನಿಗೆ ಬಿಟ್ಟುಕೊಟ್ಟರು. ಚೆನ್ನಾಗಿ ನಡೆಸಿದರೆ ಹೆಚ್ಚು ಲಾಭ, ಇಲ್ಲದಿದ್ದರೆ ಕಡಮೆ.

ಇದು ಒಳ್ಳೆಯ ಉಪಾಯವೇ. ಆದರೆ ಹೆಣಿಗೆಯಲ್ಲಿ ಒಂದೆಳೆ ಜಾರಿತು. ಮಾರ್ಗವನ್ನು ಹಾಕಿದುದು ರಕ್ಷಣೆಗಾಗಿ. ನಡೆಸುವವರಿಗೆ ಬಹುಮಾನ ಕೊಟ್ಟುದು ನಿವ್ವಳ ಆದಾಯಕ್ಕಾಗಿ. ಆದಾಯವೆಲ್ಲಿದೆಯೋ ಗಾಡಿಯೂ ಅಲ್ಲಿರುತ್ತದೆ. 1888ರಲ್ಲಿ ಕ್ಯಾಸಲ್ ರಾಕ್ ಮೇಲೆ ಮುರಗೋವೆಯ ಬಂದರಕ್ಕೆ ಹಳಿ ಕೂಡಿದೊಡನೆ ಎರೆನಾಡಿನ ಹತ್ತಿ ಅತ್ತ ಹರಿಯಿತು. ಒಂದು ಜಿಲ್ಲೆಯನ್ನು ಪ್ರಾಂತದಿಂದ ಪ್ರಾಂತಕ್ಕೆ ಎತ್ತಿಟ್ಟು ಕಟ್ಟಿಸಿದ ಕಾರವಾರವು ಕಾಲು ಶತಮಾನದಲ್ಲಿಯೇ ಮಂಕಾಯಿತು. ಕುಮಟೆಯ ಹೆಸರು ಹತ್ತಿಗೆ ಮಾತ್ರ ಉಳಿಯಿತು.

ಹಾಗಾದರೆ ಹೊಗೆಬಂಡಿಯು ಬಯಲನ್ನು ಕಾಯಿತೆ? 1896–97ರಲ್ಲಿ ಮತ್ತೆ ಬರ ಬಂದಿತು. ಈ ಸಲ ಧಾನ್ಯವು ನೂರು ಮೈಲಿ ಆಚೆ ನಿಂತಿರಲಿಲ್ಲ, ಗಾಡಿಯಲ್ಲಿ ಬಂದಿತು. ಧಾನ್ಯವಿರುವುದು ಒಂದು ಮಾತು, ಕೊಳ್ಳುವುದಕ್ಕೆ ಕೂಲಿಕಾರನ ಸೆರಗಿನಲ್ಲಿ ಕಾಸಿರುವುದು ಮತ್ತೊಂದು ಮಾತು. 1898ರ ಆಯೋಗವು ಕ್ಷಾಮವೆಂದರೆ ಧಾನ್ಯದ ಅಭಾವಕ್ಕಿಂತ ಹೆಚ್ಚಾಗಿ ಕೊಳ್ಳುವ ಶಕ್ತಿಯ ಅಭಾವವೆಂಬ ನಿಲುವಿಗೆ ಬಂದಿತು. ಹಳಿಯು ಬೆಲೆಗಳನ್ನು ಊರೂರಿಗೆ ಸಮಮಾಡುತ್ತದೆ. ಅಗ್ಗವಿದ್ದ ಕಡೆ ಏರಿಸಿಯೂ ಸಮಮಾಡುತ್ತದೆ. ಹಗೇವಿನಲ್ಲಿ ಮಲಗುತ್ತಿದ್ದ ಜೋಳವು ಒಳ್ಳೆಯ ಬೆಲೆಗೆ ಆಸೆಪಟ್ಟು ಸ್ಟೇಷನ್ನಿನ ದಾರಿ ಹಿಡಿಯುವುದೆಂಬ ಆಕ್ಷೇಪವನ್ನು ಆ ಕಾಲದವರು ಎತ್ತದಿರಲಿಲ್ಲ. ರಮೇಶಚಂದ್ರ ದತ್ತರು ರೈಲಿಗೆ ಸುರಿದ ಹಣದಲ್ಲಿ ನೀರಾವರಿಗೆ ಇನ್ನೂ ಹೆಚ್ಚು ಸಲ್ಲಬೇಕಾಗಿತ್ತೆಂದು ವಾದಿಸಿದರು. ಇಷ್ಟಾದರೂ 1876ರ ನೂರು ಮೈಲಿಯನ್ನು ನೆನೆದವರು ಆ ಹಳಿಯನ್ನು ಹಳಿಯಲಾರರು.

ಮುಂದಿನದನ್ನು ಬೇಗಬೇಗನೆ ಹೇಳಬಹುದು. 1908ರಲ್ಲಿ ಈ ಕಂಪೆನಿಯು ಮದರಾಸಿನದರೊಡನೆ ಕೂಡಿತು. ಮೋಟಾರು ಬಂದಿತು. ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆಯ ಹೆಚ್ಚು ಸುಂಕ ಹಾಕಿ ರಸ್ತೆಯ ನಿಧಿಯನ್ನು ಕಟ್ಟಿದರು. ಹಂಚಿಕೆ ಹೇಗೆ? ಯಾವ ಪ್ರಾಂತವು ಎಷ್ಟು ಪೆಟ್ರೋಲ್ ಸುಟ್ಟಿತೋ ಅದಕ್ಕೆ ತಕ್ಕಂತೆ. ಲೆಕ್ಕ ಶುದ್ಧ, ಸುಲಭ. ಆದರೆ ಒಳ್ಳೆಯ ರಸ್ತೆಯಿದ್ದ ಕಡೆಯೇ ಮೋಟಾರು ಓಡುವುದು. ಮೋಟಾರು ಓಡಿದ ಕಡೆಯೇ ಪೆಟ್ರೋಲ್ ಉರಿಯುವುದು. ಇದೇ ನ್ಯಾಯವನ್ನು ಹಳ್ಳಿಯವರೆಗೆ ಎಳೆದರೆ, ಎರೆಯಲ್ಲಿ ಹೂತ ಚಕ್ಕಡಿಯು ಒಂದು ತೊಟ್ಟು ಪೆಟ್ರೋಲನ್ನೂ ಕುಡಿಯುವುದಿಲ್ಲವಾದುದರಿಂದ ಅದಕ್ಕೆ ರಸ್ತೆಯ ಅಗತ್ಯವೇ ಇಲ್ಲವೆಂದು ಸಿದ್ಧವಾಗುತ್ತದೆ!

1943ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಕೂಡಿದ ಮುಖ್ಯ ಎಂಜಿನಿಯರುಗಳು ಈ ದೃಷ್ಟಿಯನ್ನು ತಿರುವಿಹಾಕಿದರು. ಬೆಳೆದ ಬೇಸಾಯದ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಗೆ ಐದು ಮೈಲಿಗಿಂತ ದೂರವಿರಬಾರದೆಂಬುದು ಅವರ ಗುರಿ. ಅಂಡಿಗೆಯಿಂದಲ್ಲ, ಬಡ್ಡಿಯಿಂದಲ್ಲ, ಹಳ್ಳಿಯ ಬಾಗಿಲಿನಿಂದ ಅಳೆಯುವ ಕೋಲು ಇದು. ಆದರೆ ಐದು ಮೈಲಿ ಕೆಂಪು ನೆಲದಲ್ಲಿ ಒಂದು ಗಂಟೆ ಎರಡು ಗಂಟೆಯ ಮಾತು. ಶ್ರಾವಣದ ಎರೆಯಲ್ಲಿ ಅದು ಒಂದು ದಿನ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮಸಡಕ್ ಯೋಜನೆಯು ಇದನ್ನು ಸ್ವಲ್ಪ ತಿದ್ದಿತೆನ್ನಬೇಕು. ರಸ್ತೆಯು ಸರ್ವಋತುವಿನದಾಗಿರಬೇಕು, ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ಕಾಪಾಡಬೇಕು. ಕಾಪಾಡುವ ಹಣವನ್ನು ರಸ್ತೆಯ ಸ್ಥಿತಿ ನೋಡಿ ಕೊಡುವ ಏರ್ಪಾಡೂ ಈಚೆಗೆ ಬಂದಿದೆ. ಉದ್ದವನ್ನಳೆದು ಹಣ ಕೊಡುವುದಕ್ಕೂ, ಮೂರನೆಯ ಮಳೆಗಾಲ ಕಳೆದ ಮೇಲೆ ಹೋಗಿ ನೋಡಿ ಕೊಡುವುದಕ್ಕೂ ಎಷ್ಟು ಅಂತರವೆಂಬುದನ್ನು ಎರೆನಾಡಿನವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಸರಕಾರದ ಕಡತಗಳಲ್ಲಿ ಈ ತತ್ತ್ವಕ್ಕೆ ಹೆಸರುಗಳೂ ಬಂದುವು. 1968ರ ಸುಮಾರಿನಲ್ಲಿ ಕೇಂದ್ರದಲ್ಲಿ ಕಾರ್ಯಸಾಧನೆಯ ಆಯವ್ಯಯ. 2005ರಲ್ಲಿ ಫಲಿತಾಂಶದ ಆಯವ್ಯಯ. ಈ ಎರಡರ ನಡುವೆ, 1980ರ ಜುಲೈ 21ರಂದು, ನರಗುಂದದಲ್ಲಿ ನಡೆದುದು ದಾರಿಯ ವಿಷಯವಲ್ಲ, ನೀರಿನದು. ಆದರೂ ಅದನ್ನು ಇಲ್ಲಿ ಬಿಡುವಂತಿಲ್ಲ. ಮಲಪ್ರಭಾ ಯೋಜನೆಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ಸರಕಾರವು ಅಭಿವೃದ್ಧಿ ಕರವನ್ನು ಕೇಳಿತು; ನೀರೇ ಸರಿಯಾಗಿ ಬಾರದೆ ಹೆಚ್ಚಿದುದೇನೆಂದು ರೈತರು ಕೇಳಿದರು. ಗೋಲಿಬಾರಾಯಿತು, ಪ್ರಾಣಗಳು ಹೋದುವು. ರಾಜ್ಯದ ರೈತ ಚಳವಳಿಯೇ ಅಲ್ಲಿಂದ ಹೊಸ ರೂಪ ತಾಳಿತು. ಒಂದಾಣೆಯ ಪಟ್ಟಿಯನ್ನು ಕೊಟ್ಟವರ ಮೊಮ್ಮಕ್ಕಳು ಲೆಕ್ಕ ಕೇಳಿದ ದಿನ ಅದು.

ಇಂದು ನರಗುಂದವು ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಈ ಸೀಮೆಯ ಬಸ್ಸುಗಳು, 1997ರಲ್ಲಿ ಬೇರೆಯಾದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಬೆಲೆಯ ಟಿಕೀಟು. ಆ ಟಿಕೀಟುಗಳನ್ನು ಎಣಿಸಿ ಸರಕಾರವು ಸಂಸ್ಥೆಗೆ ಹಣ ತುಂಬಿಕೊಡತಕ್ಕದ್ದು. ಹಣವು ಫಲಕ್ಕೆ ಇಷ್ಟು ನೇರವಾಗಿ, ಒಬ್ಬೊಬ್ಬ ಪ್ರಯಾಣಿಕಳ ಲೆಕ್ಕದಲ್ಲಿ, ಗಂಟುಬಿದ್ದುದು ಹಿಂದೆ ಇಲ್ಲ. ಸಂತೆಗೆ ಹೋಗುವ ಹೆಂಗಸು ಮೊಟ್ಟಮೊದಲು ಖಜಾನೆಯ ಲೆಕ್ಕದಲ್ಲಿ ಕಾಣಿಸಿಕೊಂಡಿದ್ದಾಳೆ. ಬಸ್ಸೇ ಬಾರದ ಹಳ್ಳಿಯ ಹೆಂಗಸಿಗೆ ಮಾತ್ರ ಟಿಕೀಟಿಲ್ಲ, ಆದುದರಿಂದ ಲೆಕ್ಕವೂ ಇಲ್ಲ.

ಇನ್ನು ಹಳಿಯ ಮಾತು. ಗದಗ ಹೊಟಗಿಯ ಮಾರ್ಗವು ಬ್ರಾಡ್ ಗೇಜಾಯಿತು. ಹೊಳೆಆಲೂರಿನಲ್ಲಿ ಗಾಡಿಗಳು ನಿಲ್ಲುತ್ತವೆ. 2017ರಿಂದ ರೈಲ್ವೆಗೆ ಪ್ರತ್ಯೇಕ ಆಯವ್ಯಯವೂ ಉಳಿಯಲಿಲ್ಲ. ತಳಕಲ್ಲಿನಿಂದ ವಾಡಿಯ ಕಡೆಗೆ ಹೋಗುವ ಹೊಸ ಮಾರ್ಗವು ಕುಕನೂರು, ಯಲಬುರ್ಗಿಗಳನ್ನು ದಾಟಿ 2025ರಲ್ಲಿ ಕುಷ್ಟಗಿಯನ್ನು ಮುಟ್ಟಿತು. ಗಜೇಂದ್ರಗಡದ ದುರ್ಗವು ಅದರ ಪಶ್ಚಿಮಕ್ಕೆ ಉಳಿಯಿತು. ಸೀರೆ ನೇಯುವ ಆ ಊರಿನವರು ತಮಗೂ ಹಳಿ ಬೇಕೆಂದು ಕೇಳುತ್ತಲೇ ಇದ್ದಾರೆ. ಇಂಥ ಬೇಡಿಕೆ ಹೋದಾಗಲೆಲ್ಲ ಮೊದಲು ತೆಗೆಯುವ ಕಾಗದವೆಂದರೆ, ಹಾಕಿದ ಬಂಡವಾಳಕ್ಕೆ ನೂರಕ್ಕೆ ಎಷ್ಟು ಹುಟ್ಟೀತೆಂಬ ಅಂದಾಜು. 1880ರಲ್ಲಿ ಅದರ ಪಕ್ಕದಲ್ಲಿಟ್ಟಿದ್ದ ‘ರಕ್ಷಕ’ ಎಂಬ ಎರಡನೆಯ ಕಾಗದವು ಈಗ ಕಡತದಲ್ಲಿ ಕಾಣುವುದಿಲ್ಲ.